‘ವಯಸ್ಸಾತಲ್ಲ, ಬಿಡು’

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಸಿಂಧನೂರು ಸೀಮೆಯಲ್ಲಿ ಕಣ್ಣು ಮುಚ್ಚಿದವರು ಕಡಿಮೆ. ಎಡದಂಡೆ ನಾಲೆ ನಂಬಿ ನೆಲ್ಲು ಹಚ್ಚಿದವರು, ರೈಸ್‌ಮಿಲ್ಲಿನವರು, ಗೊಬ್ಬರದ ಅಂಗಡಿಯವರು, ಸಾಲ ಕೊಟ್ಟವರು ಎಲ್ಲರೂ ಫೋನ್ ಹಿಡಿದು ಕೂತಿದ್ದರು. ಆ ಡ್ಯಾಮು ನೀರು ಹಿಡಿಯತೊಡಗಿದ್ದು 1953ರಲ್ಲಿ. ಎಪ್ಪತ್ತು ದಾಟಿದ ಜೀವ. ಆದರೂ “ಡ್ಯಾಮಿಗೆ ವಯಸ್ಸಾತಲ್ಲ, ಬಿಡು” ಎಂದು ಒಬ್ಬ ರೈತನಾದರೂ ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಗೇಟಿನ ಜಾಗಕ್ಕೆ ಅಡ್ಡಹಲಗೆಯಂಥ ಸ್ಟಾಪ್‌ಲಾಗ್ ಇಳಿಸಿದರು. ಅದು ತಾತ್ಕಾಲಿಕ ಎಂದೂ ಅವತ್ತೇ ಹೇಳಿದರು. ಆಮೇಲೆ ತಜ್ಞರ ಸಮಿತಿ ಕೂತು, 33 ಗೇಟುಗಳನ್ನೂ ಬದಲಿಸಬೇಕೆಂದು ವರದಿ ಕೊಟ್ಟಿತು.

ಅದೇ ರೈತನ ಮನೆಯ ಪಡಸಾಲೆಯಲ್ಲಿ ಎಪ್ಪತ್ತು ದಾಟಿದ ಇನ್ನೊಂದು ಜೀವ ಮಲಗಿರುತ್ತದೆ. ರಾತ್ರಿ ಐದು ಸಲ ಏಳುತ್ತದೆ. ಗೋಡೆ ಹಿಡಿದು ಹಿತ್ತಲಿಗೆ ಹೋಗುತ್ತದೆ, ಬಹಳ ಹೊತ್ತು ನಿಂತು ನಾಲ್ಕು ಹನಿ ಬಿಟ್ಟು ವಾಪಸು ಬರುತ್ತದೆ. ಅದರ ಬಗ್ಗೆ ಕೇಳಿ ನೋಡಿ. ಮಗ, ಅಳಿಯ, ಓಣಿಯ ಹಿರಿಯರು, ಮೆಡಿಕಲ್ ಶಾಪಿನ ಹುಡುಗ, ಒಮ್ಮೊಮ್ಮೆ ಡಾಕ್ಟರೂ ಸೇರಿ ಒಂದೇ ಔಷಧಿ ಬರೆದುಕೊಡುತ್ತಾರೆ: “ವಯಸ್ಸಾತಲ್ಲ, ಬಿಡು.” ಸಿಂಧನೂರಿನ ಸುತ್ತ ಇರುವ ಬಂಗಾಲಿ ಕ್ಯಾಂಪುಗಳಲ್ಲಿ, ಆಂಧ್ರದಿಂದ ಬಂದವರ ಕ್ಯಾಂಪುಗಳಲ್ಲಿ, ಹಟ್ಟಿ ಗಣಿಯಿಂದ ನಿವೃತ್ತರಾದವರ ಮನೆಗಳಲ್ಲಿ ಭಾಷೆ ಬೇರೆಯಾದೀತು, ಔಷಧಿ ಇದೇ.

ಈ ಮಾತು ತಪ್ಪು ಎಂದು ಹೇಳಲು ಕೂತಿದ್ದೇನೆ. ಹೇಳುವ ಮುಂಚೆ ಒಪ್ಪಿಕೊಂಡುಬಿಡುತ್ತೇನೆ, ನಾನೂ ಮೂರು ವರ್ಷ ಇದೇ ಮಾತು ಆಡಿದವನು.

ನಮ್ಮ ದೊಡ್ಡಪ್ಪನ ಊರು ಮಸ್ಕಿ ಹತ್ತಿರದ ಒಂದು ಹಳ್ಳಿ. ಹೊಲದ ತಕರಾರಿಗೆ ಲಿಂಗಸುಗೂರಿನ ಕೋರ್ಟಿಗೆ ಅಡ್ಡಾಡುತ್ತಿದ್ದ. ಬಸ್ಸು ಹತ್ತುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ, ಚಾ ಮುಟ್ಟುತ್ತಿರಲಿಲ್ಲ. ಇಳಿದ ಕೂಡಲೇ ಗೋಡೆ ಹುಡುಕುತ್ತಿದ್ದ. ನಾವದನ್ನು ಮುದುಕರ ಚಟ ಅಂದುಕೊಂಡೆವು. ಒಂದು ಸಂಕ್ರಾಂತಿ ಮುಂದೆ ನೆಗಡಿಯಾಯಿತು. ಮೆಡಿಕಲ್ ಶಾಪಿನಿಂದ ನಾನು ತಂದುಕೊಟ್ಟ ನೆಗಡಿ ಗುಳಿಗೆಯನ್ನು ದಿನಕ್ಕೆ ಮೂರರಂತೆ ಎರಡು ದಿನ ನುಂಗಿದ. ಎರಡನೆಯ ರಾತ್ರಿ ಉಚ್ಚಿ ನಿಂತೇ ಹೋಯಿತು.

ಹನ್ನೊಂದರಿಂದ ಒಂದೂವರೆವರೆಗೆ ಆತ ಕೂತಲ್ಲಿ ಕೂಡಲಿಲ್ಲ. ಹಿತ್ತಲು, ಪಡಸಾಲೆ, ಮತ್ತೆ ಹಿತ್ತಲು. ದೊಡ್ಡವ್ವ ಪಾದದ ಮೇಲೆ ತಣ್ಣೀರು ಸುರುವಿದಳು, ಸಪ್ಪಳ ಕೇಳಲಿ ಅಂತ ಕೊಡದಿಂದ ಬಕೆಟ್ಟಿಗೆ ನೀರು ಹೊಯ್ದಳು. ಹೊಕ್ಕಳ ಕೆಳಗೆ ತೆಂಗಿನಕಾಯಿ ಇಟ್ಟಂತೆ ಉಬ್ಬಿತ್ತು. ನಾನು ಮುಟ್ಟಿ ನೋಡಲು ಹೋದರೆ ಕೈಗೆ ಹೊಡೆದು ಸರಿಸಿದ. ಸಿಂಧನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಎರಡೂವರೆಗೆ ನರ್ಸಮ್ಮ ನಳಿಕೆ ಹಾಕಿದಳು. ಚೀಲದ ಮೇಲಿನ ಗೆರೆ ನೋಡುತ್ತ ನಿಂತೆ: 300, 500, 800. 900 ದಾಟಿದ ಮೇಲೆ ನಿಂತಿತು. ಸಾಮಾನ್ಯವಾಗಿ 400-500 ಎಂ.ಎಲ್. ತುಂಬಿದರೇ ಮನುಷ್ಯನಿಗೆ ತಡೆಯಲಾಗುವುದಿಲ್ಲ. “ಜೀವ ಬಂತಪ” ಅಂದವನೇ ದೊಡ್ಡಪ್ಪ ಆ ಬೆಂಚಿನ ಮೇಲೆಯೇ ನಿದ್ದೆ ಹೋದ.

ನೆಗಡಿ ಗುಳಿಗೆಗೂ ಉಚ್ಚಿಗೂ ಏನು ಸಂಬಂಧ? ಅದನ್ನು ಮಾರಿದವನಿಗೆ ಗೊತ್ತಿರಲಿಲ್ಲ, ತಂದುಕೊಟ್ಟ ನನಗೂ ಗೊತ್ತಿರಲಿಲ್ಲ. ಮೂಗು ಕಟ್ಟಿದ್ದು ಬಿಡಿಸುವ ಔಷಧಿ ಮೂತ್ರಚೀಲದ ಕೊರಳಿನ ಸ್ನಾಯುವನ್ನು ಬಿಗಿಯುತ್ತದೆ. ತುರಿಕೆ-ಸೀನಿಗೆ ಕೊಡುವ ಹಳೆಯ ನಮೂನೆಯ ಗುಳಿಗೆ ಚೀಲದ ಹಿಂಡುವ ಬಲವನ್ನು ಕುಗ್ಗಿಸುತ್ತದೆ. ಮೊದಲೇ ಅರ್ಧ ಮುಚ್ಚಿದ ದಾರಿ ಇರುವವನಿಗೆ ಇಷ್ಟು ಸಾಕು. ಸೆರೆ, ಮಲಬದ್ಧತೆ, ಉಚ್ಚಿ ಬಿಗಿಹಿಡಿದು ಕೂತ ದೂರದ ಬಸ್ಸು, ಹರ್ನಿಯಾದಂಥ ಬೇರೆ ಆಪರೇಷನ್ ಕೂಡ ಇದೇ ಕೆಲಸ ಮಾಡಬಲ್ಲವು. ವಯಸ್ಸು ಆ ರಾತ್ರಿ ಬಂದದ್ದಲ್ಲ. ಬಂದದ್ದು ಹತ್ತು ರೂಪಾಯಿಯ ಗುಳಿಗೆ.

ಎದುರಾಳಿಯ ಮಾತಿನಲ್ಲಿ ಇರುವ ಸತ್ಯವನ್ನು ಮೊದಲು ಎತ್ತಿ ಕೊಟ್ಟುಬಿಡೋಣ. ಮೂತ್ರಚೀಲದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತ ಗ್ರಂಥಿಯೇ ಪ್ರಾಸ್ಟೇಟ್. ಹರೆಯದಲ್ಲಿ ಸುಮಾರು 20 ಗ್ರಾಂ, ದೊಡ್ಡ ನೆಲ್ಲಿಕಾಯಿಯಷ್ಟು. ನಲವತ್ತರ ನಂತರ ಬೆಳೆಯಲು ಶುರು. ಸತ್ತವರ ಗ್ರಂಥಿ ಪರೀಕ್ಷಿಸಿ ನೋಡಿದವರ ಲೆಕ್ಕದಂತೆ ಐವತ್ತರಿಂದ ಅರವತ್ತರೊಳಗಿನ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ, ಎಂಬತ್ತು ದಾಟಿದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಹೌದು, ವಯಸ್ಸಿಗೆ ಬರುತ್ತದೆ. ಕಣ್ಣಿನ ಪೊರೆಯೂ ವಯಸ್ಸಿಗೇ ಬರುತ್ತದೆ. ಆಗ ಅಪ್ಪನನ್ನು ಕಣ್ಣಿನ ಕ್ಯಾಂಪಿನ ಬಸ್ಸಿಗೆ ಹತ್ತಿಸುತ್ತೇವೆ, ಕಪ್ಪು ಕನ್ನಡಕ ಹಾಕಿಸಿ ಮನೆಗೆ ಕರೆತಂದು ಫೋಟೋ ತೆಗೆಯುತ್ತೇವೆ. ವಯಸ್ಸಿಗೆ ಬಂದದ್ದನ್ನೆಲ್ಲ ಬಿಡಬೇಕೆಂಬ ಸಿದ್ಧಾಂತ ನಮಗೆ ನಿಜಕ್ಕೂ ಇಲ್ಲ. ಅದು ಸೊಂಟದ ಕೆಳಗಿನ ರೋಗಕ್ಕೆ ಮಾತ್ರ ಇದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಖಾರ. ಎತ್ತಿಗೆ ಉಚ್ಚಿ ಕಟ್ಟಿದರೆ ರೈತ ರಾತ್ರೋರಾತ್ರಿ ದನದ ಡಾಕ್ಟರ ಮನೆ ಬಾಗಿಲು ಬಡಿಯುತ್ತಾನೆ. ನಾಳದಲ್ಲಿ ಕಲ್ಲು ಸಿಕ್ಕರೆ ಚೀಲ ಒಡೆದು ಎತ್ತು ಸಾಯುತ್ತದೆಂದು ಆತನಿಗೆ ಗೊತ್ತು. 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದೆ ಎಂದು ಮಸ್ಕಿಯವರು ನಾವು ಎದೆಯುಬ್ಬಿಸುತ್ತೇವಲ್ಲ, ಆ ದೊರೆ ಬೇರೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಎರಡು ಬಗೆಯ ಚಿಕಿತ್ಸೆ ಏರ್ಪಡಿಸಿದ್ದನ್ನು ಬರೆಸಿದ್ದಾನೆ. ನಾವು ಅದರಲ್ಲಿ ಅರ್ಧ ಮಾತ್ರ ಪಾಲಿಸುತ್ತಿದ್ದೇವೆ.

ನೋವಿನೊಂದಿಗೆ ಉಚ್ಚಿ ನಿಂತವನು ಒಂದು ಲೆಕ್ಕದಲ್ಲಿ ಪುಣ್ಯವಂತ. ಚೀರುತ್ತಾನೆ, ಹಾಗಾಗಿ ಆಸ್ಪತ್ರೆ ಸೇರುತ್ತಾನೆ. ನೋವಿಲ್ಲದೆ ನಿಲ್ಲುವುದು ಇನ್ನೊಂದಿದೆ, ಅದಕ್ಕೇ ನಾನು ಹೆದರುವುದು. ಚೀಲ ತಿಂಗಳುಗಟ್ಟಲೆ ಪೂರ್ತಿ ಖಾಲಿಯಾಗದೆ ಸಡಿಲವಾಗುತ್ತ ಹೋಗುತ್ತದೆ. ಕಡೆಗೆ ತುಂಬಿದ ಗದ್ದೆಯ ಬದುವಿನಿಂದ ನೀರು ಜಿನುಗಿದಂತೆ ಹನಿಹನಿಯಾಗಿ ಸೋರುತ್ತದೆ. ಧೋತರ ಒದ್ದೆ, ಹಾಸಿಗೆ ಒದ್ದೆ. ಮನೆಯವರು “ಅಜ್ಜಗ ಉಚ್ಚಿ ಭಾಳ ಆಗೈತಿ” ಅನ್ನುತ್ತಾರೆ. ಆತನಿಗೆ ಹೆಚ್ಚಾದದ್ದಲ್ಲ, ಕಟ್ಟಿದ್ದು. ಹಿಂದಕ್ಕೆ ಒತ್ತಿದ ಮೂತ್ರ ಕಿಡ್ನಿಯನ್ನು ಉಬ್ಬಿಸುತ್ತದೆ. ಊಟ ಸೇರದು, ಮುಖ ಊದುತ್ತದೆ, ತೂಕಡಿಕೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿ ಡಯಾಲಿಸಿಸ್ ಮಾತು ಬರುವಾಗ ಮೊದಲ ಬಾರಿಗೆ ಯಾರೋ ಆ ಹೊಟ್ಟೆಯ ಮೇಲೆ ಕೈ ಇಟ್ಟು ನೋಡುತ್ತಾರೆ. ‘ಬಿಡು’ ಎಂದು ಬಿಟ್ಟದ್ದು ಇಲ್ಲಿಗೆ ಬಂದು ನಿಲ್ಲುತ್ತದೆ.

‘ವಯಸ್ಸಾತಲ್ಲ’ಕ್ಕೆ ಒಬ್ಬ ತಮ್ಮ ಇದ್ದಾನೆ: ‘ಉಷ್ಣ ಆಗೈತಿ’. ಬಿಸಿಲು 40 ಡಿಗ್ರಿ ದಾಟುವ ನಾಡು ನಮ್ಮದು, ಉಷ್ಣದ ಮೇಲೆ ಏನು ಹಾಕಿದರೂ ನಂಬುತ್ತೇವೆ. ಬಾರ್ಲಿ ನೀರು, ಎಳನೀರು, ಸಬ್ಜಾ, ಬಾಳೆದಿಂಡಿನ ರಸ, ನೆಗ್ಗಿನಮುಳ್ಳಿನ ಕಷಾಯ. ಉಚ್ಚಿ ಕಟ್ಟಿದವನಿಗೆ ಚೊಂಬುಗಟ್ಟಲೆ ನೀರು ಕುಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಕೆಳಗಿನ ತೂಬು ಮುಚ್ಚಿರುವಾಗ ಮೇಲಿಂದ ನೀರು ಬಿಟ್ಟರೆ ನಾಲೆ ಒಡೆಯುತ್ತದೆಂದು ಸಿಂಧನೂರಿನ ಹುಡುಗರಿಗೂ ಗೊತ್ತು. ಅಪ್ಪನ ಹೊಟ್ಟೆಗೆ ಬಂದಾಗ ಆ ಬುದ್ಧಿ ಎಲ್ಲಿ ಹೋಗುತ್ತದೋ! ಹಾಗಂತ ಬಿಸಿಲಿನಲ್ಲಿ ನೀರೇ ಬಿಟ್ಟು ಬಸ್ಸು ಹತ್ತುವುದೂ ಸರಿಯಲ್ಲ, ಅದು ಕಲ್ಲಿಗೆ ದಾರಿ. ಹಗಲು ಕುಡಿಯಬೇಕು, ಮಲಗುವ ಎರಡು-ಮೂರು ತಾಸು ಮುಂಚೆ ಕಡಿಮೆ ಮಾಡಬೇಕು, ಸಂಜೆಯ ಚಾ ಬಿಡಬೇಕು. ಇಷ್ಟರಿಂದಲೇ ರಾತ್ರಿಯ ಒಂದು ಏಳುವಿಕೆ ಕಮ್ಮಿಯಾದವರಿದ್ದಾರೆ.

ನಮ್ಮ ಆಯುರ್ವೇದದಲ್ಲಿ ಕೊಯ್ಯುವುದಿಲ್ಲ, ಬೇರು-ಸೊಪ್ಪಿನಲ್ಲೇ ಹೋಗುತ್ತದೆ ಎನ್ನುವವರಿಗೆ ಒಂದು ಮಾತು. ಉಚ್ಚಿ ಕಟ್ಟುವ ರೋಗವಾದ ಮೂತ್ರಾಘಾತದಲ್ಲಿ ಸುಶ್ರುತ ಹನ್ನೆರಡು ಬಗೆ ಹೇಳುತ್ತಾನೆ, ಚರಕ ಹದಿಮೂರು. ಅವುಗಳಲ್ಲಿ ವಾತಾಷ್ಠೀಲಾ ಎಂಬುದು ಕಲ್ಲಿನಂತೆ ಗಟ್ಟಿಯಾದ ಗಂಟು ದಾರಿ ಕಟ್ಟುವ ರೋಗ. ಇಂದಿನವರು ಅದನ್ನು ಪ್ರಾಸ್ಟೇಟಿಗೆ ಹೋಲಿಸುತ್ತಾರೆ. ಬಗೆ ಗುರುತಿಸದೆ ಕಷಾಯ ಕುಡಿಸಿ ಎಂದು ಆ ಇಬ್ಬರೂ ಹೇಳಲಿಲ್ಲ. ಪಶ್ಚಿಮದವರು ಬಹಳ ನಂಬಿದ್ದ ಸಾ ಪಾಮೆಟ್ಟೋ ಎಂಬ ಗಿಡದ ಸಾರವನ್ನು ಪ್ರಯೋಗಕ್ಕೆ ಹಚ್ಚಿ ನೋಡಿದಾಗ 2006ರಲ್ಲಿ ಬಂದ ಫಲಿತಾಂಶ ಇಷ್ಟೇ: ಹುಸಿ ಗುಳಿಗೆಗಿಂತ ಅದು ಮೇಲಲ್ಲ. ಸಣ್ಣ ತೊಂದರೆ ಇದ್ದವನು ಕಷಾಯ ಕುಡಿಯಲಿ, ನನ್ನ ಅಡ್ಡಿ ಇಲ್ಲ. ಚೀಲದಲ್ಲಿ ಎಷ್ಟು ಉಳಿಯುತ್ತದೆಂದು ಅಳೆಸಿ ಕುಡಿಯಲಿ.

ಇನ್ನು ಸ್ಕ್ಯಾನಿಂಗ್ ಸೆಂಟರಿನ ಕಾಗದ. ‘ಗ್ರೇಡ್ ಟೂ ಪ್ರಾಸ್ಟಟೋಮೆಗಾಲಿ, 48 ಗ್ರಾಂ’ ಎಂದು ಬರೆದದ್ದನ್ನು ಹೋಟೆಲಿನಲ್ಲಿ ಕೂತು ಒಬ್ಬರಿಗೊಬ್ಬರು ತೋರಿಸುತ್ತಾರೆ. ನನ್ನದು 48, ನಿಂದೆಷ್ಟು? ಎಕರೆಗೆ ಎಷ್ಟು ಚೀಲ ಬಂತು ಎಂದು ಕೇಳಿದ ಹಾಗೆ. ತೂಕಕ್ಕೂ ತೊಂದರೆಗೂ ನೇರ ನಂಟಿಲ್ಲ. 80 ಗ್ರಾಂ ಇದ್ದು ಸಲೀಸಾಗಿ ಹೋಗುವವರಿದ್ದಾರೆ, 30 ಗ್ರಾಂ ಇದ್ದು ನಡುವಿನ ತುಣುಕು ಮುಚ್ಚಳದಂತೆ ಕೂತು ದಾರಿ ಕಟ್ಟಿದವರಿದ್ದಾರೆ. ಆ ಕಾಗದದಲ್ಲಿ ನೋಡಬೇಕಾದದ್ದು ಕೆಳಗಿನ ಸಾಲು: ಉಚ್ಚಿ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯಿತು. ಅದನ್ನೂ ಎಚ್ಚರದಿಂದ ಓದಬೇಕು. ಎರಡು ಬಾಟಲಿ ನೀರು ಕುಡಿಸಿ, ಒಂದೂವರೆ ತಾಸು ಬೆಂಚಿನ ಮೇಲೆ ಕೂಡಿಸಿ, ಹೊರಗೆ ಹತ್ತು ಮಂದಿ ಕಾಯುತ್ತಿರುವ ಸಂಡಾಸಿಗೆ ಕಳಿಸಿದರೆ ಯಾವ ಮುದುಕನಿಗೆ ಪೂರ್ತಿ ಬಂದೀತು? ಒಮ್ಮೆ ಹೆಚ್ಚು ಬಂದರೆ ಇನ್ನೊಮ್ಮೆ ಅಳೆಸಬೇಕು. ಗ್ರಾಂ ನೋಡಿ ‘ಕೂಡಲೇ ಕೊಯ್ಯಬೇಕು’ ಎನ್ನುವ ಡಾಕ್ಟರೂ, ಗ್ರಾಂ ನೋಡಿ ‘ಇಷ್ಟೇ ತಾನೆ’ ಎನ್ನುವ ಮಗನೂ ನನ್ನ ಮಟ್ಟಿಗೆ ಒಂದೇ ಪಂಗಡ. ಇಬ್ಬರೂ ಕಾಗದ ನೋಡಿದರು, ಅಪ್ಪನನ್ನು ಕೇಳಲಿಲ್ಲ.

ಕೇಳುವುದು ಹೇಗೆ? ಅದಕ್ಕೆ ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ. 1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘ ರೂಪಿಸಿದ್ದು, ಈಗ ಜಗತ್ತೆಲ್ಲ ಬಳಸುತ್ತದೆ. ಪೂರ್ತಿ ಖಾಲಿಯಾಗಲಿಲ್ಲ ಅನ್ನಿಸುತ್ತದೆಯೇ, ಎರಡು ತಾಸಿನೊಳಗೆ ಮತ್ತೆ ಹೋಗಬೇಕೇ, ನಿಂತು ನಿಂತು ಬರುತ್ತದೆಯೇ, ತಡೆಯಲಾಗುವುದಿಲ್ಲವೇ, ಧಾರೆ ಸಣ್ಣದೇ, ತಿಣುಕಬೇಕೇ, ರಾತ್ರಿ ಎಷ್ಟು ಸಲ. ಒಂದೊಂದಕ್ಕೆ ಸೊನ್ನೆಯಿಂದ ಐದು ಅಂಕ. ಒಟ್ಟು 7ರವರೆಗೆ ಸೌಮ್ಯ, 8ರಿಂದ 19 ನಡುವಿನದು, 20ರಿಂದ ಮೇಲೆ ತೀವ್ರ. ಖರ್ಚಿಲ್ಲ, ಮಷಿನ್ ಬೇಕಿಲ್ಲ. ಅದರ ಕೆಳಗೆ ಎಂಟನೆಯ ಪ್ರಶ್ನೆ ಒಂದಿದೆ, ನನ್ನ ಕಣ್ಣಿಗೆ ಅದೇ ದೊಡ್ಡದು: ಇನ್ನು ಮುಂದೆ ಬದುಕೆಲ್ಲ ಹೀಗೇ ಇರುತ್ತದೆ ಅಂದರೆ ನಿಮಗೆ ಹೇಗನ್ನಿಸುತ್ತದೆ? ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ಎಷ್ಟು ಮನೆಯಲ್ಲಿ ಎಷ್ಟು ಮಕ್ಕಳು ಅಪ್ಪನಿಗೆ ಈ ಪ್ರಶ್ನೆ ಕೇಳಿದ್ದೀರಿ?

ಅಂಕ ಕಡಿಮೆ, ಉಳಿಕೆ ಕಡಿಮೆ, ಕಿಡ್ನಿ ಚೆನ್ನಾಗಿದೆ, ಆತನಿಗೂ ಅಂಥ ಬೇಸರವಿಲ್ಲ ಎಂದಾದರೆ ಏನೂ ಮಾಡದೆ ವರ್ಷಕ್ಕೊಮ್ಮೆ ನೋಡಿಸುವುದೂ ಒಂದು ಚಿಕಿತ್ಸೆಯೇ. ಅಳೆದು ಬಿಟ್ಟಿದ್ದೇವೆ ಅನ್ನುವವರ ಮೇಲೆ ನನ್ನ ಜಗಳವಿಲ್ಲ.

ಅದರ ಮೇಲಿನ ಮೆಟ್ಟಿಲು ಗುಳಿಗೆ. ಟ್ಯಾಮ್ಸುಲೋಸಿನ್, ಅಲ್ಫುಝೋಸಿನ್, ಸಿಲೋಡೋಸಿನ್ ಜಾತಿಯವು ಗ್ರಂಥಿಯನ್ನು ಕುಗ್ಗಿಸುವುದಿಲ್ಲ, ಕೊರಳಿನ ಬಿಗಿ ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ತಟ್ಟನೆ ಎದ್ದರೆ ತಲೆ ತಿರುಗಬಹುದು, ವೀರ್ಯ ಹೊರಬರುವುದು ಕಡಿಮೆಯಾಗಬಹುದು. ಕಣ್ಣಿನ ಕ್ಯಾಂಪಿಗೆ ಹೋಗುವವನು ಈ ಗುಳಿಗೆ ನುಂಗುತ್ತಿದ್ದರೆ, ಹಿಂದೆ ನುಂಗಿದ್ದರೂ ಸರಿ, ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಬೇಕು. ಪೊರೆ ತೆಗೆಯುವಾಗ ಕಣ್ಣಿನ ಪಾಪೆ ಸಡಿಲಾಗಿ ತೊಂದರೆ ಕೊಡುತ್ತದೆ. ಎರಡನೆಯ ಜಾತಿ ಫಿನಾಸ್ಟರೈಡ್, ಡ್ಯುಟಾಸ್ಟರೈಡ್. ಇವು ಗ್ರಂಥಿಯನ್ನು ನಾಲ್ಕನೆಯ ಒಂದು ಭಾಗದಷ್ಟು ಕುಗ್ಗಿಸುತ್ತವೆ, ಆದರೆ ಆರು ತಿಂಗಳಿಂದ ಒಂದು ವರ್ಷ ಬೇಕು. ಗ್ರಂಥಿ ದೊಡ್ಡದಿದ್ದವರಿಗೇ ಇದರ ಪ್ರಯೋಜನ. ಕೆಲವರಲ್ಲಿ ಆಸಕ್ತಿ ಕುಂದಿಸುತ್ತವೆ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡಲು ಮಾಡಿಸುವ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತವೆ, ಅದು ಗೊತ್ತಿಲ್ಲದ ಡಾಕ್ಟರು ‘ನಾರ್ಮಲ್’ ಅಂದುಬಿಡಬಹುದು. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ನಾಲ್ಕೂವರೆ ವರ್ಷ ಹಿಂಬಾಲಿಸಿ ನೋಡಿದರು. ಎರಡೂ ಜಾತಿ ಕೂಡಿಸಿ ಕೊಟ್ಟವರಲ್ಲಿ ರೋಗ ಮುಂದುವರಿಯುವ ಅಪಾಯ ಮೂರರಲ್ಲಿ ಎರಡು ಪಾಲು ಕುಗ್ಗಿತ್ತು. ಗುಳಿಗೆ ‘ಸುಮ್ಮನೆ’ ಅಲ್ಲ. ಸುಮ್ಮನೆ ಆಗುವುದು ನಾವು ಹದಿನೈದು ದಿನ ತಿಂದು, ಆರಾಮಾಯಿತು ಅಂತ ಬಿಟ್ಟಾಗ.

ಈಗ ನಳಿಕೆಯ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪನಿಗೆ ಆ ರಾತ್ರಿ ಹಾಕಿದ ನಳಿಕೆ ಐದು ತಿಂಗಳು ಹಾಗೇ ಇತ್ತು. ಯಾರೂ ತೆಗೆದು ನೋಡೋಣ ಅನ್ನಲಿಲ್ಲ. “ವಯಸ್ಸಾತಲ್ಲ, ಪೈಪ್ ಇರ್ಲಿ ಬಿಡ್ರಿ” ಎಂದರು, ನಾವೂ ತಲೆಯಾಡಿಸಿದೆವು. ಚೀಲವನ್ನು ಮಂಚದ ಕಾಲಿಗೆ ಕಟ್ಟುತ್ತಿದ್ದೆವು. ಹೊರಗೆ ಹೊರಟರೆ ಧೋತರದೊಳಗೆ ತೊಡೆಗೆ. ಹೋಟೆಲಿನ ಕಟ್ಟೆಗೆ ಹೋಗುವುದನ್ನು ಆತ ಮೊದಲು ಬಿಟ್ಟ, ಆಮೇಲೆ ಗುಡಿಗೆ ಹೋಗುವುದನ್ನು, ಆಮೇಲೆ ಕೋರ್ಟು. ಎರಡು ಸಲ ನಳಿಕೆ ಕಟ್ಟಿಕೊಂಡಿತು, ಒಂದು ಸಲ ನಡುಗುವ ಜ್ವರ ಬಂತು. ಬರದೇ ಏನು? ಒಳಗೇ ಇರುವ ನಳಿಕೆಯ ಮೇಲೆ ಕ್ರಿಮಿ ದಿನದಿನಕ್ಕೆ ಕೂಡುತ್ತ, ಒಂದು ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಕಾಣಿಸಿಕೊಳ್ಳುತ್ತದೆ.

ಸ್ಟಾಪ್‌ಲಾಗ್ ಇಳಿಸಿದ ದಿನ ಡ್ಯಾಮಿನ ಮೇಲಿದ್ದವರು ಯಾರೂ ಇನ್ನು ಸಾಕು ಎಂದು ಮನೆಗೆ ಹೋಗಲಿಲ್ಲ. ನಳಿಕೆಯೂ ಅಂಥದೇ ತಾತ್ಕಾಲಿಕ ಏರ್ಪಾಡು. ಹಠಾತ್ತನೆ ಉಚ್ಚಿ ನಿಂತವನಿಗೆ ನಳಿಕೆ ಹಾಕಿದ ಮೇಲೆ, ಕಿಡ್ನಿಗೆ ಪೆಟ್ಟಾಗಿಲ್ಲವೆಂದು ನೋಡಿಕೊಂಡು, ಗುಳಿಗೆ ಶುರು ಮಾಡಿ, ಎರಡು-ಮೂರು ದಿನ ಬಿಟ್ಟು ತೆಗೆದು ನೋಡುವುದು ರೂಢಿಯಲ್ಲಿರುವ ಕ್ರಮ. ಅಲ್ಫುಝೋಸಿನ್ ಕೊಟ್ಟು ಹೀಗೆ ನೋಡಿದ ಒಂದು ಪ್ರಯೋಗದಲ್ಲಿ ನೂರಕ್ಕೆ 62 ಮಂದಿ ತಾವೇ ಉಚ್ಚಿ ಮಾಡಿದರು, ಹುಸಿ ಗುಳಿಗೆಯವರಲ್ಲಿ 48. ಅಂದರೆ ಏನೂ ಇಲ್ಲದೆಯೂ ಅರ್ಧದಷ್ಟು ಜನಕ್ಕೆ ನಳಿಕೆ ಬೇಕಿರಲಿಲ್ಲ! ಸೋತರೂ ಇನ್ನೊಮ್ಮೆ ನೋಡಬಹುದು. ಆಪರೇಷನ್ ತಡೆಯದ ಜೀವ ಎಂದಾದರೆ ದಿನಕ್ಕೆ ಮೂರು-ನಾಲ್ಕು ಸಲ ಶುದ್ಧ ನಳಿಕೆಯನ್ನು ತಾವೇ ಹಾಕಿ ತೆಗೆಯುವುದನ್ನು ಕಲಿಯಬಹುದು. ಇವೆಲ್ಲ ಆದ ಮೇಲೆ ಉಳಿಯುವ ಕೊನೆಯ ದಾರಿ ಕಾಯಂ ನಳಿಕೆ. ನಮ್ಮಲ್ಲಿ ಅದೇ ಮೊದಲ ದಾರಿಯಾಗಿದೆ. ಇನ್ನೊಂದು ಸೂಕ್ಷ್ಮ: ಉಚ್ಚಿ ಕಟ್ಟಿದಾಗ, ನಳಿಕೆ ಇದ್ದಾಗ ಪಿ.ಎಸ್.ಎ. ತಾನಾಗಿ ಏರಿರುತ್ತದೆ. ಆ ವಾರವೇ ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಅಂತ ಮನೆಯೆಲ್ಲ ಅಳುವುದಕ್ಕಿಂತ ಐದಾರು ವಾರ ತಡೆದು ಮಾಡಿಸುವುದು ಲೇಸು.

ಆಪರೇಷನ್ ಎಂದ ಕೂಡಲೇ ಎದ್ದು ಬರುವ ಭಯ ಬೇರೆ: ಗಂಡಸುತನ ಹೋಗುತ್ತದೆ. ಇದನ್ನು ನಕ್ಕು ತಳ್ಳಿಹಾಕುವವರ ಜೊತೆ ನಾನಿಲ್ಲ. ಈಗ ಎಪ್ಪತ್ತೈದು ದಾಟಿದ ಗಂಡಸಿಗೆ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಇಪ್ಪತ್ತೈದರ ಆಸುಪಾಸು. ‘ಆಪರೇಷನ್’ ಅಂದರೆ ಆತನ ಕಿವಿಗೆ ಅಂದು ಗಂಡಸರನ್ನು ಹಿಡಿದು ಮಾಡಿದ ನಸಬಂದಿಯೇ ಕೇಳಿಸಿದರೆ ಆಶ್ಚರ್ಯವೇನಿದೆ? ವೈದ್ಯರ ಚರಿತ್ರೆಯೇ ಈ ಎರಡನ್ನೂ ಒಮ್ಮೆ ಬೆರೆಸಿತ್ತು. 1890ರ ದಶಕದಲ್ಲಿ ಪ್ರಾಸ್ಟೇಟಿಗೆ ಮದ್ದೆಂದು ವೃಷಣ ತೆಗೆದವರಿದ್ದರು, ವೀರ್ಯನಾಳ ಕತ್ತರಿಸಿದವರೂ ಇದ್ದರು. ಆ ಕಾಲ ಮುಗಿಸಿದವರಲ್ಲಿ ಮುಖ್ಯನಾದವನು ಪೀಟರ್ ಫ್ರೇಯರ್. ಭಾರತದ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ಸುಮಾರು 20 ವರ್ಷ ಮೂತ್ರಕಲ್ಲು ತೆಗೆದು ಕೈ ಪಳಗಿಸಿಕೊಂಡ ಐರಿಷ್ ಸರ್ಜನ್. 1900ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೊಟ್ಟೆಯ ಕೆಳಗೆ ಕೊಯ್ದು, ಬೆಳೆದ ಭಾಗವನ್ನಷ್ಟೇ ಬೆರಳಿನಿಂದ ಬಿಡಿಸಿ ತೆಗೆದ. ಕಿತ್ತಳೆಯ ಸಿಪ್ಪೆ ಬಿಟ್ಟು ತೊಳೆ ತೆಗೆದಂತೆ.

ಇಂದು ಬಹುಪಾಲು ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಅಡ್ಡ ಬಂದದ್ದನ್ನು ಕೆರೆದು ತೆಗೆಯುತ್ತಾರೆ, ಅದಕ್ಕೆ ಟಿ.ಯು.ಆರ್.ಪಿ. ಎಂದು ಹೆಸರು. ಇದಾದ ಮೇಲೆ ಹೆಚ್ಚಿನವರಿಗೆ, ಸುಮಾರು ಮೂರರಲ್ಲಿ ಇಬ್ಬರಿಗೆ, ಸಂಭೋಗದಲ್ಲಿ ವೀರ್ಯ ಹೊರಬರದೆ ಚೀಲದೊಳಕ್ಕೆ ಹೋಗುತ್ತದೆ. ಇದನ್ನು ಆಪರೇಷನ್ನಿಗೆ ಮುಂಚೆಯೇ ಹೇಳಬೇಕು, ಹೇಳದ ಡಾಕ್ಟರು ತಪ್ಪು ಮಾಡುತ್ತಾರೆ. ನಿಮಿರುವಿಕೆ ಹೋಗುವುದು ಇದಕ್ಕಿಂತ ಬಹಳ ಕಡಿಮೆ. ಉಚ್ಚಿ ಹಿಡಿತ ತಪ್ಪಿ ಕಾಯಂ ಸೋರುವುದು ನೂರರಲ್ಲಿ ಒಬ್ಬರಿಗೆ ಅನ್ನಿ. ಸಿಪ್ಪೆ ಒಳಗೇ ಉಳಿಯುವುದರಿಂದ ವರ್ಷಗಳ ಮೇಲೆ ಕೆಲವರಿಗೆ ಮತ್ತೆ ಬೆಳೆಯಬಹುದು, ಕ್ಯಾನ್ಸರ್ ತಪಾಸಣೆಯನ್ನೂ ಬಿಡುವಂತಿಲ್ಲ. ಇವನ್ನು ಒಂದು ತಟ್ಟೆಗೆ ಹಾಕಿ. ಇನ್ನೊಂದು ತಟ್ಟೆಗೆ ಪದೇಪದೇ ಕಟ್ಟುವ ಉಚ್ಚಿ, ಚೀಲದ ಕಲ್ಲು, ಮರುಕಳಿಸುವ ಸೋಂಕು, ಉಚ್ಚಿಯಲ್ಲಿ ನಿಲ್ಲದ ರಕ್ತ, ಸೋಲುವ ಕಿಡ್ನಿ ಹಾಕಿ. ಈ ಐದರಲ್ಲಿ ಒಂದಿದ್ದರೂ ಗುಳಿಗೆಯ ಮಾತು ಮುಗಿಯಿತು, ಆಪರೇಷನ್ನಿಗೆ ತಡಮಾಡಬಾರದು. ಆಗಲೂ ‘ಈ ವಯಸ್ಸಿನಾಗ ಕೊಯ್ಸಬ್ಯಾಡ್ರಿ’ ಎನ್ನುವವನು ಹಿತೈಷಿಯಲ್ಲ.

ಇತ್ತೀಚೆಗೆ ಇದಕ್ಕೆ ಉಲ್ಟಾ ಹುಚ್ಚೂ ಒಂದು ಬಂದಿದೆ. “ಲೇಸರ್ ಮಾಡಿಸ್ರಿ, ಬೆಂಗಳೂರಾಗ.” ಹೋಲ್ಮಿಯಂ ಲೇಸರಿನಿಂದ ಇಡೀ ತೊಳೆ ಬಿಡಿಸುವ ವಿಧಾನ ನಿಜಕ್ಕೂ ಒಳ್ಳೆಯದು. ಗ್ರಂಥಿ 80 ಗ್ರಾಂ ಮೀರಿದವರಿಗೆ, ರಕ್ತ ತೆಳುವಾಗಿಸುವ ಗುಳಿಗೆಯಲ್ಲಿರುವವರಿಗೆ ಅನುಕೂಲ. ಆದರೆ 40 ಗ್ರಾಮಿನ ಗ್ರಂಥಿಗೆ ಎರಡೆಕರೆ ಮಾರಿ ಲೇಸರ್ ಹಿಡಿಯಬೇಕಿಲ್ಲ, ಪಳಗಿದ ಕೈಯ ಟಿ.ಯು.ಆರ್.ಪಿ. ಸಾಕು. ವೀರ್ಯ ಹಿಂದಕ್ಕೆ ಹೋಗುವುದು ಆ ಲೇಸರಿನಲ್ಲೂ ತಪ್ಪದು. ಹಬೆ, ಕ್ಲಿಪ್ಪು, ರಕ್ತನಾಳ ಮುಚ್ಚುವುದು ಎಂಬ ಹೊಸ ಬಗೆಗಳು ದೊಡ್ಡ ಪಟ್ಟಣದವು. ಈ ಬರಹಕ್ಕೆ ಅವು ದೂರ.

ದೂರ ಎಂದಾಗ ಕೊನೆಯ ನೆಪ ನೆನಪಾಯಿತು. ತಾಲ್ಲೂಕು ಆಸ್ಪತ್ರೆಯೆಂದರೆ ಸಾಮಾನ್ಯವಾಗಿ ಜನರಲ್ ಸರ್ಜನ್, ಮೂತ್ರರೋಗ ತಜ್ಞರಿಗೆ ರಾಯಚೂರೋ ಬಳ್ಳಾರಿಯೋ ಹುಬ್ಬಳ್ಳಿಯೋ ಆಗಬೇಕು. ಹೌದು, ಇದು ಸರಕಾರದ ತಪ್ಪು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ದಶಕ ಕಳೆದರೂ ಮುದುಕನೊಬ್ಬ ಉಚ್ಚಿ ಬಿಡಿಸಿಕೊಳ್ಳಲು ಜಿಲ್ಲೆ ದಾಟುವ ಮಾತಾಡಬೇಕಾದದ್ದು ನಾಚಿಕೆಗೇಡು. ಆದರೆ ರಾಯಚೂರು ಈ ಮೂರೂ ಊರಿನಿಂದ ಎರಡು-ಎರಡೂವರೆ ತಾಸಿನ ದಾರಿ. ಅಲ್ಲಿ ರಿಮ್ಸ್ ಇದೆ, ಜನ ಓಪೆಕ್ ಎಂದೇ ಕರೆಯುವ ಆಸ್ಪತ್ರೆ ಇದೆ. ಬೆಂಗಳೂರಿಗೇ ಹೋಗುವುದಾದರೆ ವಿಕ್ಟೋರಿಯಾ ಆವರಣದಲ್ಲಿ ಸರಕಾರದ್ದೇ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮುಂಚೆಯೇ ಕೇಳಿ ತೆಗೆದುಕೊಳ್ಳಬೇಕು. ಟ್ರ್ಯಾಕ್ಟರಿನ ಪಾರ್ಟ್ ಬೇಕೆಂದರೆ ಇದೇ ದಾರಿಯಲ್ಲಿ ವಾರಕ್ಕೆ ಎರಡು ಸಲ ಹೋಗಿಬರುವವರು ನಾವು. ‘ನಾಟಿ ಮುಗೀಲಿ’, ‘ಸುಗ್ಗಿ ಮುಗೀಲಿ’ ಅನ್ನುವುದು ಅಪ್ಪನ ವಿಷಯಕ್ಕೆ ಮಾತ್ರ.

ದೊಡ್ಡಪ್ಪನನ್ನು ಐದು ತಿಂಗಳ ಮೇಲೆ ರಾಯಚೂರಿಗೆ ಕರೆದೊಯ್ದೆ. ತಜ್ಞರು ಬೇರೆ ಗುಳಿಗೆಗಳ ಚೀಟಿಯೆಲ್ಲ ಕೇಳಿ ನೋಡಿದರು, ಕಿಡ್ನಿ ನೋಡಿದರು, ರಾತ್ರಿ ಗುಳಿಗೆ ಶುರು ಮಾಡಿಸಿದರು. ನಾಲ್ಕನೆಯ ದಿನ ನಳಿಕೆ ತೆಗೆದು ನೀರು ಕುಡಿಸಿ ಕೂಡಿಸಿದರು. ಮಧ್ಯಾಹ್ನ ಆತ ಸಂಡಾಸಿನಿಂದ ಹೊರಬಂದು ಏನೂ ಹೇಳಲಿಲ್ಲ, ಧೋತರ ಕೊಡವಿಕೊಂಡ, ಅಷ್ಟೇ. ಉಳಿಕೆ 70 ಎಂ.ಎಲ್. ಆಪರೇಷನ್ನಿನ ಒಳಿತು-ಕೆಡುಕು, ವರ್ಷದೊಳಗೆ ಮತ್ತೆ ಕಟ್ಟುವ ಸಾಧ್ಯತೆ ಎಲ್ಲವನ್ನೂ ಡಾಕ್ಟರು ಆತನಿಗೇ ಹೇಳಿದರು, ನನಗಲ್ಲ. ಕೇಳಿ ಮುಗಿಸಿ, “ಈಗ ಬ್ಯಾಡ್ರಿ. ಮತ್ತ ಕಟ್ಟಿದ್ರ ನಾನಽ ಬರ್ತೀನಿ” ಅಂದ. ನನಗೆ ಆಗಲೇ ಮಾಡಿಸಿಬಿಡಬೇಕೆಂದಿತ್ತು. ಬಸ್ಸಿನಲ್ಲಿ ವಾದಿಸಿದೆ. ಆತ ಕಿಟಕಿಯ ಕಡೆ ತಿರುಗಿ, ದಾರಿಯಲ್ಲಿ ಕೊಂಡ ಚಾ ಕುಡಿಯುತ್ತಿದ್ದ. ತನ್ನ ಮೈಯ ಲೆಕ್ಕ ತಾನೇ ಮಾಡಿ ಹೇಳಿದ ‘ಬ್ಯಾಡ’ ಅದು. ಮೂರು ವರ್ಷ ನಾವು ಹೇಳಿದ ‘ಬಿಡು’ ಅಲ್ಲ. ಅದನ್ನು ಗೌರವಿಸಲು ನನಗೆ ಕಷ್ಟವಾಯಿತು, ಆದರೂ ಗೌರವಿಸಿದೆ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನು ಕೂಡಿಸಿಕೊಂಡು ಆ ಏಳು ಪ್ರಶ್ನೆ ಕೇಳಿ, ಎಂಟನೆಯದನ್ನು ಮರೆಯಬೇಡಿ. ಅಪ್ಪ ಬಾಯಿ ಬಿಡದಿದ್ದರೆ ಅವ್ವನನ್ನು ಕೇಳಿ. ರಾತ್ರಿ ಎಷ್ಟು ಸಲ ಬಾಗಿಲ ಅಗಳಿ ಸಪ್ಪಳವಾಗುತ್ತದೆಂದು ಆಕೆಗೆ ಗೊತ್ತಿರುತ್ತದೆ.